ಮುಂದಿನ ಪಂದ್ಯ ಯಾವಾಗ?

ದಿನಚರಿಯ ಪುಟಗಳು, ನಾರಾಯಣಪುರ

30 ಮಾರ್ಚ್ 2025, ಭಾನುವಾರ, ಯುಗಾದಿ

ಐದು–ಸೊನ್ನೆ. ಸೋತವರು ಗಂಟುಮೂಟೆ ಕಟ್ಟಲೇಬೇಕಾದ ಪಂದ್ಯದಲ್ಲಿ ಇಂಥ ಅಂತರ ಅಪರೂಪ. ನಿನ್ನೆ ರಾತ್ರಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮುಂಬೈ ಸಿಟಿಯನ್ನು ಶುರುವಿನಿಂದಲೇ ಹಿಡಿದು ಬಡಿಯಿತು. ಒಂಬತ್ತನೇ ನಿಮಿಷಕ್ಕೆ ಸುರೇಶ್ ವಾಂಗ್ಜಮ್, ವಿರಾಮಕ್ಕೆ ಮುಂಚೆ ಎಡ್ಗರ್ ಮೆಂಡೆಸ್‌ನ ಪೆನಾಲ್ಟಿ, ಆಮೇಲೆ ರಯಾನ್ ವಿಲಿಯಮ್ಸ್, ಸುನೀಲ್ ಚೆಟ್ರಿ, ಪೆರೇರಾ ಡಿಯಾಸ್. ಐದು ಗೋಲು, ಹೊಡೆದವರು ಐದು ಮಂದಿ. ಮುಂಬೈ ಅಂದರೆ ಹೋದ ವರ್ಷದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಎತ್ತಿದ ತಂಡ. ಅದೇ ವರ್ಷ ನಮ್ಮವರು ಹತ್ತನೇ ಜಾಗಕ್ಕೆ ಕುಸಿದಿದ್ದರು. ನಡುವೆ ಕೋಚ್ ಸೈಮನ್ ಗ್ರೇಸನ್‌ನನ್ನು ಕಳಿಸಿ ಸ್ಪೇನಿನ ಹೆರಾರ್ಡ್ ಸಾರಗೋಸಾನನ್ನು ತಂದಿದ್ದರು. ಈ ಸಲ ಲೀಗ್ ಹಂತದಲ್ಲಿ ಮೂರನೇ ಸ್ಥಾನ, 38 ಅಂಕ. ಮೊದಲ ಸ್ಥಾನದ ಮೋಹನ್ ಬಾಗಾನ್‌ಗೆ 56.

ಅರ್ಧ ಪಂದ್ಯ ಮೊಬೈಲಿನಲ್ಲಿ ನೋಡಿದೆ, ಉಳಿದದ್ದನ್ನು ಅಳಿಯನ ಬಾಯಿಂದ ಕೇಳಿದೆ. ಅಕ್ಕನ ಮಗ, ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ. ನಮ್ಮ ಕಡೆಯಿಂದ ದುಡಿಯಲು ಹೋದವರಲ್ಲಿ ಶನಿವಾರದ ದುಡ್ಡನ್ನು ಫುಟ್‌ಬಾಲ್ ಟಿಕೆಟಿಗೆ ಹಾಕುವವನು ಇವನೊಬ್ಬನೇ ಇರಬೇಕು. "ಮಾವಾ, ಮಂದಿ ಕುಂತೇ ಇಲ್ಲ. ತೊಂಬತ್ತು ನಿಮಿಷ ನಿಂತೇ ಹಾಡ್ಯಾರ. ನಂದೂ ದನಿ ಹೋಗ್ಯಾದ" ಎಂದ. ಅವನು ನಿಲ್ಲುವುದು ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗದ ಮಗ್ಗುಲಲ್ಲಿ.

ಇಲ್ಲಿ ಈ ಖುಷಿ ಹಂಚಿಕೊಳ್ಳಲು ಜನ ಸಿಗುವುದಿಲ್ಲ. ಶಾಲೆಯ ಹುಡುಗರಿಗೆ ಕಬಡ್ಡಿ, ವಾಲಿಬಾಲ್, ಸಂಜೆಯಾದರೆ ಕ್ರಿಕೆಟ್. ಬೇವು ಕುಡಿಯುತ್ತ ಕೂತಿದ್ದ ಅಪ್ಪನಿಗೆ ಹೇಳಿದೆ. "ಬೆಂಗಳೂರು ಅಂದ್ರ ಆರ್‌ಸಿಬಿ ಅಲ್ಲೇನು?" ಅಂದ. ಇದು ಬೇರೆ ಆಟ, ಕಾಲಿಂದ ಆಡೋದು ಅಂದೆ. "ಅದು ಗೊತ್ತದ ಬಿಡಪ್ಪ. ಡ್ಯಾಮ್ ಕಟ್ಟೋ ಮುಂದ ಕ್ಯಾಂಪಿನಾಗ ಆಡ್ತಿದ್ರು" ಎಂದು ಹೋಳಿಗೆ ಮುರಿದ. ಈ ವಿಷಯ ಇಷ್ಟು ವರ್ಷ ನನ್ನ ಹತ್ತಿರ ಹೇಳಿರಲಿಲ್ಲ.

ಯುಗಾದಿ ಚಂದ್ರ, ರಂಜಾನ್ ಚಂದ್ರ ಈ ಸಲ ಒಂದೇ ಸಂಜೆ. ಮಾಳಿಗೆ ಏರಿ ನಾವು ನೋಡುವಾಗ ಪಕ್ಕದ ಮಾಳಿಗೆಯಿಂದಲೂ ಕೂಗು ಬಂತು. ನಾಳೆ ಅವರ ಮನೆಯಿಂದ ಸುರಕುಂಬಾ ಬರುತ್ತದೆ.

3 ಏಪ್ರಿಲ್, ಗುರುವಾರ

ನಿನ್ನೆ ಸೆಮಿಫೈನಲ್ ಮೊದಲ ಪಂದ್ಯ. ಎಫ್‌ಸಿ ಗೋವಾ ವಿರುದ್ಧ ಎರಡು–ಸೊನ್ನೆ. ಒಂದು ಗೋಲು ಗೋವಾದ ಸಂದೇಶ್ ಝಿಂಗನ್ ತನ್ನದೇ ಬಲೆಗೆ ಹಾಕಿಕೊಂಡದ್ದು, ಇನ್ನೊಂದು ಮೆಂಡೆಸ್‌ನದು. ನಾಳೆ ಎಸ್‌ಎಸ್‌ಎಲ್‌ಸಿಯ ಕೊನೆಯ ಪತ್ರಿಕೆ. ಪರೀಕ್ಷೆ ಕೋಣೆಯಲ್ಲಿ ನಿಂತು ಕಾಯುವ ಕೆಲಸದಲ್ಲಿ ನನ್ನಂಥ ಪಿಟಿ ಮಾಸ್ತರನಿಗೆ ನೆನಪು ಮಾಡಿಕೊಳ್ಳಲು ಬೇಕಾದಷ್ಟು ಹೊತ್ತು. ಈ ಕ್ಲಬ್ಬಿನ ಕತೆಯನ್ನು ಒಮ್ಮೆ ಬರೆದಿಟ್ಟುಕೊಳ್ಳೋಣ ಅನ್ನಿಸಿತು.

ಹುಟ್ಟಿದ್ದು 2013ರ ಜುಲೈಯಲ್ಲಿ. ಕಟ್ಟಿದ್ದು ಜೆಎಸ್‌ಡಬ್ಲ್ಯು ಸಮೂಹ. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಕೋಚ್, ಚೆಟ್ರಿ ನಾಯಕ. ಮೊದಲ ವರ್ಷ ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಆಡಿದರು, ಆ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಹಾಲುಹಲ್ಲು ಬೀಳದ ಕ್ಲಬ್ಬು ಕಲ್ಕತ್ತ, ಗೋವಾಗಳ ಹಿರಿಯರನ್ನು ಹಿಂದೆ ಹಾಕಿತು. ಮರುವರ್ಷ ಕಂಠೀರವಕ್ಕೆ ಬಂದರು, ಫೆಡರೇಷನ್ ಕಪ್ ಗೆದ್ದರು. ಲೀಗ್ ಮಾತ್ರ ಕೊನೆಯ ದಿನ, 2015ರ ಮೇ 31ರಂದು, ಕೈ ಜಾರಿತು. ಗೆದ್ದರೆ ಪಟ್ಟ ಎಂಬ ಪಂದ್ಯದಲ್ಲಿ ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದರು. 87ನೇ ನಿಮಿಷಕ್ಕೆ ಮೋಹನ್ ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ. ಒಂದು–ಒಂದು. ಪಟ್ಟ ಕಲ್ಕತ್ತಕ್ಕೆ ಹೋಯಿತು. ಆ ನೋವನ್ನು ಎದೆಗೆ ಹಚ್ಚಿಕೊಂಡು ಕೂಡಲಿಲ್ಲ, 2016ರಲ್ಲಿ ಲೀಗನ್ನು ಮತ್ತೆ ಗೆದ್ದರು.

ಆ ವರ್ಷದ ಅಕ್ಟೋಬರ್ ಇನ್ನೂ ದೊಡ್ಡದು. ಏಷ್ಯಾದ ಎರಡನೇ ಹಂತದ ಕ್ಲಬ್ ಟೂರ್ನಿ ಎಎಫ್‌ಸಿ ಕಪ್. ಹಿಂದಿನ ಸಲ ಗೆದ್ದಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ ಮೂರು–ಒಂದರಿಂದ ಮಣಿಸಿ ಫೈನಲ್ ಮುಟ್ಟಿದರು. ಅಲ್ಲಿಯ ತನಕ ಭಾರತದ ಯಾವ ಕ್ಲಬ್ಬೂ ಆ ಮೆಟ್ಟಿಲು ಹತ್ತಿರಲಿಲ್ಲ. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಒಂದೇ ಗೋಲಿನಿಂದ ಗೆದ್ದಿತು, ಇರಲಿ. ಬೆಂಗಳೂರಿಗೆ ಆಗಷ್ಟೇ ಹೋಗಿದ್ದ ಅಳಿಯನನ್ನು ಕೂಡಿ ಕೆಲಸ ಮಾಡುವ ಹುಡುಗ ಕಂಠೀರವಕ್ಕೆ ಕರೆದೊಯ್ದದ್ದು ಆ ದಿನಗಳಲ್ಲೇ. ಊರ ಜಾತ್ರೆ ಬಿಟ್ಟರೆ ಅಷ್ಟು ಮಂದಿಯನ್ನು ಒಂದೇ ಕಡೆ ಕಂಡಿರಲಿಲ್ಲವಂತೆ.

7 ಏಪ್ರಿಲ್, ಸೋಮವಾರ

ಗೋವಾದಲ್ಲಿ ನಿನ್ನೆ ಜೀವ ಬಾಯಿಗೆ ಬಂದಿತ್ತು. ಬೋರ್ಹಾ ಹೆರೆರಾ ಒಂದು ಹೊಡೆದ. 88ನೇ ನಿಮಿಷಕ್ಕೆ ಸಾದಿಕು ಇನ್ನೊಂದು. ಎರಡೂ ಪಂದ್ಯ ಸೇರಿ ಎರಡು–ಎರಡು. ಇನ್ನೇನು ಹೆಚ್ಚುವರಿ ಆಟ ಅನ್ನುವಾಗ ಚೆಟ್ರಿಯ ತಲೆ ಎಲ್ಲಿಂದಲೋ ಬಂತು. ಚೆಂಡು ಒಳಗೆ. ಫೈನಲ್.

ಈ ಮನುಷ್ಯನಿಗೆ ನಲವತ್ತು ವರ್ಷ. ಹೋದ ಜೂನ್ 6ರಂದು ಕಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ಅಂಗಿಗೆ ವಿದಾಯ ಹೇಳಿದ್ದ. ಗೋಲು ಹೊಡೆಯುವ ಇನ್ನೊಬ್ಬ ಸಿಗದೆ ಈ ಮಾರ್ಚಿನಲ್ಲಿ ಮತ್ತೆ ಕರೆದರು. ಹೋದ, ಮಾಲ್ಡೀವ್ಸ್ ವಿರುದ್ಧ ಹೊಡೆದ, 95ನೇ ಅಂತರರಾಷ್ಟ್ರೀಯ ಗೋಲು ಬರೆಸಿಕೊಂಡ. ಈ ಐಎಸ್‌ಎಲ್‌ನಲ್ಲಿ ಅವನದು ಹದಿನಾಲ್ಕು ಗೋಲು. ಭಾರತೀಯರಲ್ಲಿ ಅವನೇ ಮುಂದೆ.

ಮೆಚ್ಚುವ ಮಾತು ಹೌದು, ದಿಗಿಲಿನ ಮಾತೂ ಹೌದು. ಹನ್ನೆರಡು ವರ್ಷದ ಕ್ಲಬ್ಬು ಇಂದಿಗೂ ಮೊದಲ ದಿನದ ನಾಯಕನ ತಲೆಯಿಂದಲೇ ಬದುಕಿಕೊಳ್ಳುತ್ತಿದೆ. ಅಕಾಡೆಮಿಯಲ್ಲಿ ಬೆಳೆದ ವಿನೀತ್ ವೆಂಕಟೇಶ್ ಈ ಋತುವಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಏಕೈಕ ಗೋಲು ಹೊಡೆದದ್ದು ಸಮಾಧಾನ. ಹತ್ತೊಂಬತ್ತರ ಹುಡುಗ. ಇಂಥವರು ಇನ್ನಷ್ಟು ಬೇಕು.

13 ಏಪ್ರಿಲ್, ಭಾನುವಾರ

ಸೋತೆವು. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಸಾಲ್ಟ್‌ಲೇಕ್ ಮೈದಾನ, ಎದುರಿಗೆ ಮೋಹನ್ ಬಾಗಾನ್, ಸುತ್ತ ಅವರದೇ ಜನ. ವಿರಾಮದ ನಂತರ ಅವರ ಆಲ್ಬರ್ಟೊ ರೊಡ್ರಿಗೆಸ್ ಕಾಲಿಗೆ ತಾಗಿ ಚೆಂಡು ಅವರದೇ ಬಲೆ ಸೇರಿತು. 72ನೇ ನಿಮಿಷದವರೆಗೂ ನಾವು ಮುಂದೆ. ಆಗ ನಮ್ಮ ಚಿಂಗ್ಲೆನ್ಸಾನಾ ಕೈಗೆ ಚೆಂಡು ತಗಲಿತು, ಪೆನಾಲ್ಟಿ, ಕಮಿಂಗ್ಸ್ ತಪ್ಪಿಸಲಿಲ್ಲ. ಹೆಚ್ಚುವರಿ ಆಟದ ಶುರುವಿನಲ್ಲೇ ಮೆಕ್‌ಲಾರೆನ್ ಮುಗಿಸಿದ. ಲೀಗ್ ಅಗ್ರಸ್ಥಾನದ ಶೀಲ್ಡೂ ಅವರಿಗೆ, ಕಪ್ಪೂ ಅವರಿಗೆ.

ಕ್ಲಬ್ಬು ಸೋತ ದೊಡ್ಡ ಫೈನಲ್‌ಗಳನ್ನು ಲೆಕ್ಕ ಹಾಕಿದೆ. 2016ರಲ್ಲಿ ದೋಹಾ. 2018ರ ಮಾರ್ಚ್‌ನಲ್ಲಿ ಕಂಠೀರವದಲ್ಲೇ ಚೆನ್ನೈಯಿನ್‌ಗೆ ಎರಡು–ಮೂರು. ಐಎಸ್‌ಎಲ್‌ಗೆ ಬಂದ ಮೊದಲ ವರ್ಷ, ಪಟ್ಟಿಯ ತುದಿಯಲ್ಲಿದ್ದೂ ಕೊನೆಗೆ ಹಾಗಾಯಿತು. 2023ರಲ್ಲಿ ಗೋವಾದ ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್ ಜೊತೆ ಎರಡು–ಎರಡು ಆಗಿ ಪೆನಾಲ್ಟಿಯಲ್ಲಿ ಸೋಲು. ಈಗ ಇದು. ಗೆದ್ದದ್ದೂ ಇದೆ: 2018ರ ಸೂಪರ್ ಕಪ್, 2022ರ ಡ್ಯುರಾಂಡ್ ಕಪ್, ಎಲ್ಲಕ್ಕಿಂತ 2019ರ ಮಾರ್ಚ್ 17ರ ಮುಂಬೈ. ಗೋವಾ ವಿರುದ್ಧ ಗೋಲೇ ಇಲ್ಲದೆ 116 ನಿಮಿಷ ಉರುಳಿದ ಮೇಲೆ ಕಾರ್ನರ್ ಕಿಕ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ. ಅದೊಂದೇ ಐಎಸ್‌ಎಲ್ ಕಪ್.

2023ರ ಋತು ನೆನೆದರೆ ಈಗಲೂ ಬೆರಗು. ಅರ್ಧ ದಾರಿಗೆ ಪಟ್ಟಿಯ ಕೆಳಗಿದ್ದವರು ಸಾಲಾಗಿ ಎಂಟು ಪಂದ್ಯ ಗೆದ್ದು ಪ್ಲೇಆಫ್‌ಗೆ ಬಂದರು. ಅಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮುಂಚೆಯೇ ಚೆಟ್ರಿ ಫ್ರೀಕಿಕ್ ಒದ್ದ, ಗೋಲು ಸಿಕ್ಕಿತು, ಎದುರಾಳಿಗಳು ಸಿಟ್ಟಿಗೆದ್ದು ಮೈದಾನ ಬಿಟ್ಟು ನಡೆದರು. ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಏರುವುದೂ ಹೀಗೆ, ಇಳಿಯುವುದೂ ಹೀಗೆ. ಒಂದು ವರ್ಷ ಫೈನಲ್, ಮರುವರ್ಷ ಹತ್ತನೇ ಜಾಗ, ಮತ್ತೆ ಫೈನಲ್.

ಅಳಿಯ ಫೋನ್ ಎತ್ತಲಿಲ್ಲ. ರಾತ್ರಿ ಮೆಸೇಜ್ ಬಂತು: "ಮುಂದಿನ ವರ್ಷ ನೋಡ್ಕೋತೀವಿ ಮಾವಾ."

18 ಮೇ, ಭಾನುವಾರ. ಬೆಂಗಳೂರು

ರಜೆಗೆ ಅಕ್ಕನ ಮನೆಗೆ ಬಂದಿದ್ದೇನೆ. ನಿನ್ನೆ ಚಿನ್ನಸ್ವಾಮಿಯಲ್ಲಿ ಐಪಿಎಲ್ ಮತ್ತೆ ಶುರುವಾಗಬೇಕಿತ್ತು, ಮಳೆ ಒಂದು ಚೆಂಡನ್ನೂ ಎಸೆಯಗೊಡಲಿಲ್ಲ. ಕೊಹ್ಲಿ ಟೆಸ್ಟ್ ಕ್ರಿಕೆಟ್ ಬಿಟ್ಟನೆಂದು ಬಿಳಿ ಅಂಗಿ ತೊಟ್ಟು ಬಂದ ಜನ ನೆನೆದು ವಾಪಸಾದರು. ಇಂದು ಅಳಿಯ ನನ್ನನ್ನು ಬೇರೆ ಬೆಂಗಳೂರಿಗೆ ಕರೆದೊಯ್ದ. ಹಲಸೂರಿನ ಗೌತಮಪುರ. ಓಣಿಯ ನಡುವೆ ಪೆಲೆಯ ಮೂರ್ತಿ ನಿಲ್ಲಿಸಿದ್ದಾರೆ! ದೇವರ ಗುಡಿಗಳ ಜೊತೆಗೆ ಬ್ರೆಜಿಲಿನ ಆಟಗಾರ. ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯೂ ಇದೇ ಹುಚ್ಚು. ದಂಡಿನ ಪ್ರದೇಶದಲ್ಲಿ ಬಿಳಿಯ ಸೈನಿಕರು ಬಿಟ್ಟುಹೋದ ಆಟವನ್ನು ಓಣಿಯ ಮಂದಿ ತಮ್ಮದು ಮಾಡಿಕೊಂಡರು.

ಬೆಂಗಳೂರು ಎಫ್‌ಸಿ ಹುಟ್ಟುವ ಎಷ್ಟೋ ಮೊದಲೇ ಇಲ್ಲಿ ದೊಡ್ಡ ಕ್ಲಬ್ಬುಗಳಿದ್ದವು. ಬಾಂಬೆಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೇನಾ ತಂಡಗಳ ಕೈಯಿಂದ ಕಿತ್ತು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವ. ಮೈಸೂರು ರಾಜ್ಯ ತಂಡ 1946–47ರಿಂದ 1968–69ರವರೆಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 54 ವರ್ಷ ಬರಗಾಲ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು ಮೂರು–ಎರಡರಿಂದ ಸೋಲಿಸಿದ ಮೇಲೆ ಮತ್ತೆ ಕರ್ನಾಟಕಕ್ಕೆ ಬಂತು.

ನನಗೆ ಬಿಡದೆ ಕಾಡುವವನು ಅಹ್ಮದ್ ಖಾನ್. ಬೆಂಗಳೂರು ಮುಸ್ಲಿಮ್ಸ್‌ನಿಂದ ಈಸ್ಟ್ ಬೆಂಗಾಲ್‌ಗೆ ಹೋಗಿ ಅಲ್ಲಿ ಪಂಚ ಪಾಂಡವರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬನಾದವ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಎದುರಾದದ್ದು ಯುಗೊಸ್ಲಾವಿಯ. ಅವರ ತಂಡದಲ್ಲಿ ಬೆಲ್‌ಗ್ರೇಡ್‌ನ ಎರಡು ಕ್ಲಬ್ಬುಗಳ ಕಣ್ಮಣಿಗಳು: ರೆಡ್ ಸ್ಟಾರ್‌ನ ರೈಕೊ ಮಿಟಿಚ್, ಪಾರ್ಟಿಜಾನ್‌ನ ಬೊಬೆಕ್ ಮತ್ತು ಜೆಬೆಕ್. ನಮ್ಮವರಲ್ಲಿ ಬರಿಗಾಲಿನವರೂ ಇದ್ದರು. ಹತ್ತು–ಒಂದರ ಸೋಲು. ಆ ಒಂದು ಅಹ್ಮದ್ ಖಾನ್‌ನದು. ಬೆಲ್‌ಗ್ರೇಡ್‌ನಲ್ಲಿ ರೆಡ್ ಸ್ಟಾರ್ ಆಡುವ ಮೈದಾನಕ್ಕೆ ಇಂದು ಮಿಟಿಚ್ ಹೆಸರಿದೆ. ಇಲ್ಲಿ ಗೌತಮಪುರದಲ್ಲಿ ಪೆಲೆ ನಿಂತಿದ್ದಾನೆ, ಒಳ್ಳೆಯದೇ. ಅಹ್ಮದ್ ಖಾನ್ ಎಲ್ಲಿ ಎಂದು ಕೇಳಿದರೆ ಅಳಿಯನಿಗೆ ಆ ಹೆಸರೇ ಹೊಸದು.

ಐಟಿಐ, ಎಚ್‌ಎಎಲ್ ಎರಡೂ ರಾಷ್ಟ್ರೀಯ ಲೀಗ್ ಆಡಿದ ಕಾರ್ಖಾನೆ ತಂಡಗಳು. ಆಟಗಾರನಿಗೆ ನೌಕರಿ, ಸಂಜೆ ಅಭ್ಯಾಸ, ಭಾನುವಾರ ಪಂದ್ಯ. ಎಚ್‌ಎಎಲ್ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷವೇ ಬೆಂಗಳೂರು ಎಫ್‌ಸಿ ಬಂತು. ಒಂದು ಕಾಲದ ಯಜಮಾನ ಹೋದ, ಇನ್ನೊಂದು ಕಾಲದ ಯಜಮಾನ ಬಂದ.

5 ಜೂನ್, ಗುರುವಾರ

ಮೊನ್ನೆ ರಾತ್ರಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ನಾರಾಯಣಪುರದಲ್ಲೂ ಪಟಾಕಿ. ನಿನ್ನೆ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ, ಹನ್ನೊಂದು ಜನ ಸತ್ತರು. ಅಳಿಯನ ಫೋನ್ ಹತ್ತುವ ತನಕ ಅಲ್ಲಿ ಅಕ್ಕ, ಇಲ್ಲಿ ನಾನು ಕೈಕಾಲು ಆಡದೆ ಕೂತಿದ್ದೆವು. ಅವನು ಕೆಲಸದಲ್ಲಿದ್ದ. "ನಾ ಹೋಗಿಲ್ಲ ಮಾವಾ. ನಮ್ಮ ಮೇಲಿನ ಮಾಳಿಗಿ ಸ್ಲ್ಯಾಬ್ ಇತ್ತು" ಎಂದ.

ಪರಿಸರ ದಿನವೆಂದು ಶಾಲೆಯಲ್ಲಿ ಬೇವಿನ ಸಸಿ ನೆಟ್ಟೆವು. ಹುಡುಗರು ನಿನ್ನೆಯ ಸುದ್ದಿಯನ್ನೇ ಕೇಳುತ್ತಿದ್ದರು. ಗೆಲುವನ್ನು ನೋಡಲು ಹೋದವರು ಮನೆಗೆ ಮರಳಬೇಕು. ಆಟ ನಡೆಸುವವರ ಮೊದಲ ಕೆಲಸ ಅದು. ಪಿಟಿ ಮಾಸ್ತರನ ತರಬೇತಿಯಲ್ಲೂ ಮೊದಲು ಕಲಿಸಿದ್ದು ಅದನ್ನೇ: ಸೀಟಿ ಊದುವುದಕ್ಕೆ ಮುಂಚೆ ಮೈದಾನ ನೋಡು.

12 ಜುಲೈ, ಶನಿವಾರ

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ. ನಮ್ಮೂರ ಅಣೆಕಟ್ಟು ಬಸವಸಾಗರದಿಂದ ಕೃಷ್ಣಾ ಹೊಳೆಗೆ ನೀರು ಬಿಟ್ಟಿದ್ದಾರೆ. ಹುಡುಗರಿಗೆ ದಂಡೆ ಕಡೆ ಹೋಗಬೇಡಿ ಎಂದು ಪ್ರಾರ್ಥನೆಯಲ್ಲಿ ಹೇಳಿದ್ದಾಯಿತು.

ಇನ್ನೊಂದು ಸುದ್ದಿ ನಿನ್ನೆಯದು. ಐಎಸ್‌ಎಲ್‌ನ ಹೊಸ ಋತುವನ್ನೇ ತಡೆಹಿಡಿದಿದ್ದಾರೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಎಫ್‌ಎಸ್‌ಡಿಎಲ್ ಕಂಪನಿಗೂ 2010ರಲ್ಲಿ ಹದಿನೈದು ವರ್ಷದ ಒಪ್ಪಂದ ಆಗಿತ್ತು. ಕಂಪನಿ ವರ್ಷಕ್ಕೆ 50 ಕೋಟಿ ಕೊಡುತ್ತಿತ್ತು. ಒಪ್ಪಂದ ಈ ಡಿಸೆಂಬರ್ 8ಕ್ಕೆ ಮುಗಿಯುತ್ತದೆ. ಫೆಡರೇಷನ್ನಿನ ನಿಯಮಾವಳಿಯ ವಿಚಾರ ಸುಪ್ರೀಂ ಕೋರ್ಟಿನಲ್ಲಿರುವಾಗ ಹೊಸ ಒಪ್ಪಂದ ಮಾಡುವಂತಿಲ್ಲ. ಋತು ಶುರುವಾದರೆ ಅರ್ಧ ದಾರಿಯಲ್ಲಿ ಕಾಗದದ ಬಲ ತೀರುತ್ತದೆ. ಆದ್ದರಿಂದ ಕಂಪನಿ ಕೈಕಟ್ಟಿ ಕೂತಿದೆ.

ಫೈನಲ್ ಆಡಿದ ಕ್ಲಬ್ಬು ಮೂರು ತಿಂಗಳಲ್ಲಿ ಆಡಲು ಜಾಗವಿಲ್ಲದೆ ನಿಂತಿದೆ. ಮತ್ತೆ ಬೆಲ್‌ಗ್ರೇಡ್ ನೆನಪಾಯಿತು. 1991ರ ಮೇ 29, ಇಟಲಿಯ ಬಾರಿ ನಗರ. ರೆಡ್ ಸ್ಟಾರ್ ಪೆನಾಲ್ಟಿಯಲ್ಲಿ ಫ್ರಾನ್ಸಿನ ಮಾರ್ಸೆಯನ್ನು ಸೋಲಿಸಿ ಯುರೋಪಿನ ದೊಡ್ಡ ಕಪ್ ಗೆದ್ದಿತು. ತಂಡದಲ್ಲಿ ಮಾಂಟೆನೆಗ್ರೊದ ಸಾವಿಚೆವಿಚ್, ಮೆಸಿಡೋನಿಯದ ಪಾಂಚೆವ್, ಕ್ರೊಯೇಷ್ಯ ಮೂಲದ ಪ್ರೊಸಿನೆಚ್ಕಿ. ಇಡೀ ಯುಗೊಸ್ಲಾವಿಯ ಒಂದೇ ಅಂಗಿಯಲ್ಲಿತ್ತು. ಆ ಬೇಸಿಗೆಯಲ್ಲೇ ದೇಶ ಒಡೆಯಿತು, ಯುದ್ಧ ಹೊತ್ತಿತು. ಮುಂದಿನ ಋತುವಿನಲ್ಲಿ ಯುರೋಪಿನ ಚಾಂಪಿಯನ್ನರು ತಮ್ಮ ತವರು ಪಂದ್ಯಗಳನ್ನು ಹಂಗೇರಿ, ಬಲ್ಗೇರಿಯಗಳಲ್ಲಿ ಆಡಬೇಕಾಯಿತು. 1992ರ ಮೇಯಲ್ಲಿ ವಿಶ್ವಸಂಸ್ಥೆಯ ನಿರ್ಬಂಧ ಬಿತ್ತು. ಯುಗೊಸ್ಲಾವಿಯವನ್ನು ಯುರೋ ಕಪ್‌ನಿಂದ ಹೊರಗೆ ಹಾಕಿ ಡೆನ್ಮಾರ್ಕನ್ನು ಕರೆದರು, ಕರೆಸಿಕೊಂಡವರೇ ಕಪ್ ಗೆದ್ದರು. ಬೆಲ್‌ಗ್ರೇಡ್‌ನ ಆಟಗಾರರು ಊರೂರಿಗೆ ಚದುರಿದರು. ಅವರನ್ನು ಯಾವ ತಂಡವೂ ಸೋಲಿಸಿ ಕಳಿಸಿದ್ದಲ್ಲ.

ರೆಡ್ ಸ್ಟಾರ್ ಸಾಯಲಿಲ್ಲ. 2018ರಿಂದ ಈ ವರ್ಷದವರೆಗೆ ಸರ್ಬಿಯದ ಲೀಗನ್ನು ಸಾಲಾಗಿ ಎಂಟು ಸಲ ಗೆದ್ದಿದೆ. ಆದರೆ 1991ರ ಎತ್ತರಕ್ಕೆ ಮತ್ತೆ ಏರಲಿಲ್ಲ. ಯುದ್ಧಕ್ಕೂ ಒಪ್ಪಂದದ ಜಗಳಕ್ಕೂ ಅಜಗಜಾಂತರ, ಬಲ್ಲೆ. ಆದರೂ ಎರಡು ಕಡೆಯೂ ಆಟಗಾರನ ಕಾಲಿನಲ್ಲಿ ಶಕ್ತಿ ಇದ್ದಾಗಲೇ ಆಟ ನಿಂತಿತು.

20 ಜುಲೈ, ಭಾನುವಾರ

ಇಂದು ಬೆಂಗಳೂರು ಎಫ್‌ಸಿಗೆ ಹನ್ನೆರಡು ತುಂಬಿತು. ಅಪ್ಪನನ್ನು ಕ್ಯಾಂಪಿನ ಮೈದಾನಕ್ಕೆ ಕರೆದೊಯ್ದೆ. ಅಣೆಕಟ್ಟಿನ ಕೆಲಸದಲ್ಲಿ ಅವನು ವರ್ಕ್‌ಚಾರ್ಜ್ ನೌಕರ. 1982ರಲ್ಲಿ ಅಣೆಕಟ್ಟು ಮುಗಿಯಿತು. ಹತ್ತು ಕಿಲೋಮೀಟರಿಗೂ ಉದ್ದದ ಗೋಡೆ, ಮೂವತ್ತು ಗೇಟು. ಇಲ್ಲಿಂದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಕರಿಮಣ್ಣು ಭತ್ತ ಕಂಡಿತು. "ಮೈಸೂರು ಕಡೀ ಸಾಹೇಬ್ರು ಬಂದಿದ್ರಲ್ಲ, ಅವ್ರು ಚೆಂಡು ತಂದಿದ್ರು. ಸಂಜಿಕ ಆಡ್ತಿದ್ರು. ನಾವು ಚೆಂಡು ಹೊರಗ ಬಂದ್ರ ಒದ್ದು ಕೊಡ್ತಿದ್ವಿ" ಎಂದ. ಆಮೇಲೆ? "ಕೆಲಸ ಮುಗೀತು, ವರ್ಗ ಆತು, ಹೋದ್ರು. ಚೆಂಡೂ ಹೋತು."

ಅಪ್ಪ ಒಂದೇ ಮಾತಿನಲ್ಲಿ ಐಟಿಐ, ಎಚ್‌ಎಎಲ್ ಕತೆಯನ್ನೂ ಹೇಳಿಬಿಟ್ಟ.

ಬೆಂಗಳೂರು ಎಫ್‌ಸಿಯ ಬೇರು ನಮ್ಮ ಸೀಮೆಗೆ ಅಷ್ಟು ದೂರವೂ ಅಲ್ಲ. ಅದರ ಯಜಮಾನರ ಉಕ್ಕಿನ ಕಾರ್ಖಾನೆ ಇರುವುದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಆ ಕಾರ್ಖಾನೆಗೆ ಕೃಷ್ಣೆಯ ನೀರೂ ಹೋಗುತ್ತದೆ, ಆಲಮಟ್ಟಿಯಿಂದ ಕೊಳವೆಯಲ್ಲಿ. ಅಲ್ಲೇ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಿದೆ, ಕ್ಲಬ್ಬಿನ ವಸತಿ ಅಕಾಡೆಮಿಯ ಹುಡುಗರು ಬೆಳೆದದ್ದೂ ಅಲ್ಲೇ. ಇಲ್ಲಿಂದ ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ ದಾಟಿದರೆ ಬಳ್ಳಾರಿ. ಮಣಿಪುರ, ಮಿಜೋರಾಂ ಹುಡುಗರು ದೇಶದ ಆ ತುದಿಯಿಂದ ಬಂದು ಆಡುತ್ತಾರೆ. ಕಲ್ಯಾಣ ಕರ್ನಾಟಕದ ಹುಡುಗನ ಹೆಸರು ಆ ನೀಲಿ ಅಂಗಿಯ ಬೆನ್ನ ಮೇಲೆ ನಾನು ಕಂಡಿಲ್ಲ. ದಾರಿ ದೂರವೆಂದು ಅಲ್ಲ. ನಮ್ಮಲ್ಲಿ ಆಡುವ ಹತ್ತು ತಂಡ ಇದ್ದರೆ ತಾನೇ ಯಾರಾದರೂ ಬಂದು ಆರಿಸುವುದು?

5 ಆಗಸ್ಟ್, ಮಂಗಳವಾರ

ಬೆಂಗಳೂರು ಎಫ್‌ಸಿ ನಿನ್ನೆ ಪ್ರಕಟಣೆ ಹೊರಡಿಸಿದೆ. ಲೀಗ್‌ನ ಭವಿಷ್ಯ ಗೊತ್ತಿಲ್ಲದ ಕಾರಣ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸಲಾಗಿದೆ. ಎಳೆಯರ ತಂಡಗಳೂ ಫುಟ್‌ಬಾಲ್ ಶಾಲೆಗಳೂ ಎಂದಿನಂತೆ ನಡೆಯುತ್ತವೆ.

ಅಳಿಯ ಫೋನ್ ಮಾಡಿ ನಕ್ಕ. "ಮಾವಾ, ಚೆಟ್ರಿಗೂ ಬಟವಡಿ ಇಲ್ಲಂತ ನೋಡು. ನಮ್ಮ ಮೇಸ್ತ್ರಿ ಹಂಗೇ ಅದಾರ ಅವ್ರೂ." ಅವನಿಗೆ ಹೋದ ತಿಂಗಳ ದುಡ್ಡು ಇನ್ನೂ ಪೂರಾ ಬಂದಿಲ್ಲ. ಚೆಟ್ರಿಗೆ ಗಂಜಿಗೆ ತೊಂದರೆಯಾಗದು, ಅಂಗಿ ಒಗೆಯುವವನಿಗೆ, ಮಸಾಜ್ ಮಾಡುವವನಿಗೆ, ಬಸ್ ಓಡಿಸುವವನಿಗೆ ಆಗುತ್ತದೆ ಅಂದೆ. ಅವನ ನಗು ನಿಂತಿತು. "ಹೌದು ಮಾವಾ, ಸೆಂಟ್ರಿಂಗ್‌ದವ್ರು ಅಲ್ಲೂ ಇರ್ತಾರಲ್ಲ."

ಮಾಲೀಕರನ್ನು ಬೈಯುವುದು ಸುಲಭ. ಟಿವಿಯ ಹಣ ಇಲ್ಲ, ಟಿಕೆಟ್ ಇಲ್ಲ, ಜಾಹೀರಾತು ಇಲ್ಲ. ಪಂದ್ಯವೇ ಇಲ್ಲದೆ ಎಷ್ಟು ತಿಂಗಳು ಕೈಯಿಂದ ಹಾಕಿಯಾರು? ಆದರೆ ಹನ್ನೆರಡು ವರ್ಷದಲ್ಲಿ ಕೂಡಿಬಂದ ಜನಕ್ಕೆ ಈ ಕ್ಲಬ್ಬಿನ ಮೇಲೆ ಹಾಡುವ ಹಕ್ಕಷ್ಟೇ ಇದೆ, ಉಳಿಸಿಕೊಳ್ಳುವ ಹಕ್ಕಿಲ್ಲ. ರೆಡ್ ಸ್ಟಾರ್, ಪಾರ್ಟಿಜಾನ್ ಎರಡೂ 1945ರಲ್ಲಿ ಬಹು ಆಟಗಳ ಸಂಘಗಳಾಗಿ ಹುಟ್ಟಿದವು. ಫುಟ್‌ಬಾಲ್ ಜೊತೆ ಬಾಸ್ಕೆಟ್‌ಬಾಲ್, ಮತ್ತೊಂದು, ಮಗದೊಂದು. ಅಲ್ಲಿ ಕ್ಲಬ್ಬು ಯಜಮಾನನ ಆಸ್ತಿಯಲ್ಲ, ಸಂಘ. ಅಲ್ಲಿಯೂ ಸಾಲ, ಜಗಳ, ರಾಜಕೀಯ ಬೇಕಾದಷ್ಟು. ಆದರೆ ನಾಳೆ ಬಾಗಿಲು ಹಾಕಿದ್ದೇವೆ ಎಂದು ಒಬ್ಬನೇ ಒಂದು ಕಾಗದದಲ್ಲಿ ಬರೆದು ಮುಗಿಸಲು ಆಗದು.

30 ಆಗಸ್ಟ್, ಶನಿವಾರ

ನಿನ್ನೆ ಧ್ಯಾನ್‌ಚಂದ್ ಹುಟ್ಟಿದ ದಿನ, ರಾಷ್ಟ್ರೀಯ ಕ್ರೀಡಾ ದಿನ. ಶಾಲೆಯಲ್ಲಿ ಪ್ರತಿಜ್ಞೆ, ಓಟ, ಹಗ್ಗ ಜಗ್ಗಾಟ. ರಾತ್ರಿ ತಜಿಕಿಸ್ತಾನದಲ್ಲಿ ಆ ದೇಶದ ವಿರುದ್ಧವೇ ಭಾರತದ ಪಂದ್ಯ. ಹೊಸ ಕೋಚ್ ಖಾಲಿದ್ ಜಮೀಲ್‌ಗೆ ಇದು ಮೊದಲನೆಯದು. ಎರಡು–ಒಂದರಿಂದ ಗೆದ್ದೆವು. ಮುನ್ನಡೆ ಉಳಿದದ್ದು ಗುರುಪ್ರೀತ್ ಸಿಂಗ್ ಸಂಧು ಪೆನಾಲ್ಟಿ ತಡೆದದ್ದರಿಂದ. ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್! ಯಾವ ಕ್ಲಬ್ಬಿನ ಸಂಬಳ ನಿಲ್ಲಿಸಿದ ಸುದ್ದಿಯನ್ನು ಈ ತಿಂಗಳ ಮೊದಲಲ್ಲಿ ಬರೆದೆನೋ ಅದೇ ಕ್ಲಬ್ಬಿನವನು. ಏಪ್ರಿಲ್‌ನಿಂದ ಲೀಗ್ ಇಲ್ಲ. ಆದರೂ ಅವನ ಮೈಯಲ್ಲಿ ಆ ಒಂದು ಜಿಗಿತ ಉಳಿದಿತ್ತು.

ಬೆಂಗಳೂರು ಎಫ್‌ಸಿ ಈಗ ಹೇಗಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಫೈನಲ್ ಆಡಿದೆ, ಮೂರನೇ ಸ್ಥಾನದಲ್ಲಿದೆ, ಚೆಟ್ರಿ ಹೊಡೆಯುತ್ತಿದ್ದಾನೆ ಅನ್ನಲೇ? ಅದೆಲ್ಲ ಏಪ್ರಿಲ್ ಮಾತು. ಆಟದ ಲಯ ಎಂಬುದು ಮುಂದಿನ ಪಂದ್ಯದ ತಾರೀಖು ಇದ್ದವನಿಗೆ ಮಾತ್ರ. ನಮ್ಮ ಜಾತ್ರೆಗಳಲ್ಲಿ ಎಂಥ ಪೈಲ್ವಾನ ಕಣಕ್ಕಿಳಿದರೂ ಪಂಚರು ಜೋಡಿ ಹಾಕದಿದ್ದರೆ ತೊಡೆ ತಟ್ಟಿ ಹೋಗಬೇಕಷ್ಟೆ. ಬೆಂಗಳೂರು ಮುಸ್ಲಿಮ್ಸ್, ಎಚ್‌ಎಎಲ್, ಕ್ಯಾಂಪಿನ ಸಾಹೇಬರ ಚೆಂಡು, ಯಾವುದೂ ಬರೀ ಸೋತು ಮರೆಯಾದದ್ದಲ್ಲ. ಜೋಡಿ ಹಾಕುವವರು, ಕಣ ಹಸನು ಮಾಡುವವರು ಎದ್ದು ಹೋದರು.

ಸೋಮವಾರ ವಲಯ ಕ್ರೀಡಾಕೂಟದ ಪಟ್ಟಿ ಕೊಡಬೇಕು. ಕಬಡ್ಡಿ, ಖೋಖೋ, ವಾಲಿಬಾಲ್ ಎಂದಿನಂತೆ. ಹಾಳೆಯ ಕೆಳಗೆ ಫುಟ್‌ಬಾಲ್ ಎಂದು ಒಂದು ಸಾಲು ಪ್ರತಿ ವರ್ಷ ಖಾಲಿ ಉಳಿಯುತ್ತಿತ್ತು. ಈ ಸಲ ಒಂಬತ್ತನೇ ಇಯತ್ತೆಯ ಹನ್ನೊಂದು ಹೆಸರು ಬರೆದಿದ್ದೇನೆ. ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿದರು. "ಎದುರಾಳಿ ಯಾರ್ರೀ ಸರ? ಯಾರೂ ಬರಲಿಲ್ಲಂದ್ರ ವಾಕ್‌ಓವರ್, ಆಡದೇ ಗೆದ್ದಂಗ."

ಅದಕ್ಕೇ ಮಧ್ಯಾಹ್ನ ಕೊಡೇಕಲ್, ಹುಣಸಗಿ, ಕಕ್ಕೇರಾ ಶಾಲೆಗಳ ಪಿಟಿ ಮಾಸ್ತರರಿಗೆ ಫೋನ್ ಹಚ್ಚಿದೆ. ಕಕ್ಕೇರಾದವರು ಚೆಂಡಿಲ್ಲ ಅಂದರು, ನಮ್ಮದನ್ನೇ ಬುಧವಾರ ಕಳಿಸುತ್ತೇನೆ ಅಂದೆ. ಹುಣಸಗಿಯವರು ಹುಡುಗರನ್ನು ಕೇಳಿ ಹೇಳುತ್ತಾರಂತೆ. ಕೊಡೇಕಲ್‌ನವರು ಒಪ್ಪಿದ್ದಾರೆ, ಆದರೆ ಒಂದು ಷರತ್ತು: ಆಫ್‌ಸೈಡ್ ಅಂದರೇನು ಅಂತ ಮೊದಲು ಅವರಿಗೆ ನಾನು ಬಂದು ಹೇಳಿಕೊಡಬೇಕು.